ಬಟಾಣಿಯಷ್ಟು ಗಾಳಿ

ಗಂಡ ಒಸ್ನಿಯನ್ನು ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ಎಲೀಡ ಮೊದಲು ಮಾಡಿದ ಕೆಲಸ ಅವನ ಪ್ಯಾಂಟು ಒಗೆದದ್ದು. ಶುಕ್ರವಾರ ಸಂಜೆ ಅವನೇ ನೆನೆಹಾಕಿದ್ದ. ಮೂರು ದಿನ ನೀರಿನಲ್ಲಿದ್ದು ವಾಸನೆ ಬರತೊಡಗಿತ್ತು. ಮೊಣಕಾಲಿನ ಹತ್ತಿರದ ತುಕ್ಕು ಬಣ್ಣದ ಕಲೆ ಈ ಸಲವೂ ಹೋಗಲಿಲ್ಲ. ಬಾವಿಗಳ ಬಳಿ ಮಂಡಿಯೂರಿ ಕೂರುವ ಕೆಲಸದವನ ಪ್ಯಾಂಟಿಗೆ ಆ ಕಲೆ ಇದ್ದದ್ದೇ. ಹಿಂಡಿ, ಹಿತ್ತಲಿಗೆ ತಂದು, ತಂತಿಯ ಮೇಲೆ ಹರವಿ, ತಗಡಿನ ಬಕೆಟ್ಟಿಗೆ ಕೈಹಾಕಿ ಎರಡು ಕ್ಲಿಪ್ಪು ತೆಗೆದಳು. ದಕ್ಷಿಣದ ಗಾಳಿ ಬೀಸುತ್ತಿತ್ತು. ಗಾಳಿ ಪ್ಯಾಂಟಿನ ಕಾಲುಗಳನ್ನು ಹೊಕ್ಕಿತು. ಅವು ಉಬ್ಬಿ, ಎರಡು ಹೆಜ್ಜೆ ಇಟ್ಟಂತೆ ಮಾಡಿ, ಮತ್ತೆ ಜೋತುಬಿದ್ದವು. ಅವಳು ನೋಡುತ್ತ ನಿಂತಳು. ಬಸ್ಸಿಗೆ ಕಾಯುವ ಹಾಗೆ ಅಳುವಿಗೆ ಕಾದಳು. ಬರಲಿಲ್ಲ. ನಿನ್ನೆಯೂ ಬಂದಿರಲಿಲ್ಲ. ನಿನ್ನೆ ಹೆಣದ ಪಕ್ಕ ಕುರ್ಚಿಯಲ್ಲಿ ಕೂರಿಸಿ ಯಾರೋ ಅವಳ ಕೈಗೆ ನೀರಿನ ಬಾಟಲಿ ಕೊಟ್ಟಿದ್ದರು. ಅವಳು ಮುಚ್ಚಳ ಬಿಗಿದು, ಬಾಟಲಿಯನ್ನು ತಲೆಕೆಳಗು ಮಾಡಿ, ಬೆರಳ ತುದಿಯಿಂದ ಎರಡು ಸಲ ತಟ್ಟಿ, ಗುಳ್ಳೆ ಮೇಲೇಳುವುದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದ್ದಳು. ತಲೆಯೆತ್ತಿದಾಗ ಕೋಣೆಯ ಜಪವೆಲ್ಲ ನಿಂತಿತ್ತು. ಒಸ್ನಿಯ ಸೋದರತ್ತೆಯೊಬ್ಬಳು ಶಿಲುಬೆಯ ಗುರುತು ಮಾಡಿಕೊಂಡಳು. ಹೀಗೂ ಹೆಂಡತಿಯರು ಇರುತ್ತಾರಲ್ಲ ಎಂಬಂತೆ ಇನ್ನೊಬ್ಬಳು ಮುಖ ತಿರುಗಿಸಿದಳು. ಎಲೀಡಳ ಕಿವಿ ಬಿಸಿಯಾಗಿತ್ತು. ಇಡೀ ದಿನದಲ್ಲಿ ಅವಳಿಗೆ ಆದ ಅನುಭವ ಎಂದರೆ ಅದೊಂದೇ.

ಬಕೆಟ್ಟು ಅವರದಲ್ಲ. ಎಂಟು ವರ್ಷದ ಕೆಳಗೆ, ದ್ವೀಪದ ದಕ್ಷಿಣದ ತುದಿಯಲ್ಲಿ ಹಿನ್ನೀರಿನ ದಂಡೆಯ ಮೀನುಗಾರರ ಊರಲ್ಲಿ, ಮೂಲೆಯ ಪೆಟ್ರೋಲ್ ಬಂಕಿನ ನೆಲದಡಿಯ ಟ್ಯಾಂಕು ಸೋರಿ, ಇಳಿಜಾರಿನ ಬಾವಿಗಳ ನೀರಿಗೆಲ್ಲ ವಾಸನೆ ಬಂದಿತ್ತು. ಬಂಕು ಮುಚ್ಚಿತು, ಟ್ಯಾಂಕು ತೆಗೆದರು, ಊರಿಗೆ ನಲ್ಲಿ ಬಂತು. ವಿಶ್ವವಿದ್ಯಾಲಯದಿಂದ ಒಸ್ನಿ ಹೋಗಿ ಮರಳಿನಲ್ಲಿ ಇಪ್ಪತ್ತೊಂದು ಕಡೆ ಸಣ್ಣ ಕೊಳವೆ ಇಳಿಸಿದ. ಎಲ್ಲರೂ ನಲ್ಲಿ ನೀರಿಗೆ ಒಗ್ಗಿಕೊಂಡರು, ಡೋನ ಜುಲ್ಮಿರ ಒಬ್ಬರನ್ನು ಬಿಟ್ಟು. ಕಸೂತಿ ದಿಂಬು ಮುಂದಿಟ್ಟುಕೊಂಡು ಮರದ ಕಡ್ಡಿಗಳನ್ನು ಕಟಕಟ ಆಡಿಸುತ್ತ ಲೇಸು ಹೆಣೆಯುವ ಮುದುಕಿ. ಅಪ್ಪ ತೋಡಿದ ಬಾವಿ. ಅದರ ನೀರಿನದಲ್ಲದಿದ್ದರೆ ಕಾಫಿ ಕಾಫಿಯೇ ಅಲ್ಲ. ವಾಸನೆ ಇದ್ದರೂ ಗುಟ್ಟಾಗಿ ಸೇದಿ ಕುಡಿಯುತ್ತಾರೆಂದು ತಿಳಿದಾಗ ಒಸ್ನಿ ಅವರಿಗೆ ಬುದ್ಧಿ ಹೇಳಲಿಲ್ಲ. ನಿಮ್ಮ ಬಾವಿ ಬಕೆಟ್ಟು ಸ್ವಲ್ಪ ದಿನಕ್ಕೆ ಎರವಲು ಕೊಡಿ ಎಂದು ಕೇಳಿದ. ಆ ಮಾತುಕತೆಯನ್ನು ಅವನು ಎಷ್ಟು ಸಲ ನಟಿಸಿ ತೋರಿಸಿದ್ದನೆಂದರೆ, ಅಲ್ಲಿ ತಾನೂ ಇದ್ದೆನೆಂದೇ ಎಲೀಡಳಿಗೆ ಅನ್ನಿಸುತ್ತಿತ್ತು.

"ಎಷ್ಟು ದಿನಕ್ಕೆ?"

"ನೀರು ಚೊಕ್ಕ ಆಗೋ ತನಕ."

"ಯಾರು ಚೊಕ್ಕ ಮಾಡೋರು? ನೀನಾ?"

"ನಾನಲ್ಲ ಡೋನ ಜುಲ್ಮಿರ. ಮಣ್ಣೊಳಗೆ ಇರೋ ಜೀವಗಳು. ಕಣ್ಣಿಗೆ ಕಾಣ್ಸಲ್ಲ. ಅವೇ ತಿಂದು ಮುಗಿಸ್ತವೆ."

"ಮತ್ತೆ ನೀನೇನು ಮಾಡ್ತೀಯ?"

"ನೋಡ್ತಾ ಇರ್ತೀನಿ."

"ಏನೂ ಮಾಡದೆ ನೋಡ್ತಾ ಇರೋದಕ್ಕೆ ಯೂನಿವರ್ಸಿಟಿಲಿ ಓದ್ಬೇಕಾಯ್ತಾ ಮಗನೇ?"

ಬಕೆಟ್ಟು ಮನೆಗೆ ಬಂತು. ಹಾಗೆಯೇ ಇಟ್ಟರೆ ತುಕ್ಕು ಹಿಡಿಯುತ್ತದೆಂದು ಎಲೀಡ ಅದರಲ್ಲಿ ಬಟ್ಟೆ ಕ್ಲಿಪ್ಪು ತುಂಬಿಟ್ಟಳು. ಎಂಟು ವರ್ಷ ದಿನವೂ ಕೈಹಾಕಿ ಹಾಕಿ, ಅದು ಬೇರೆಯವರದೆಂಬುದೇ ಮರೆತುಹೋಗಿತ್ತು. ಮೂರು ತಿಂಗಳಿಗೊಮ್ಮೆ ಒಸ್ನಿ ನೀರು ತರಲು ಹೋದಾಗ ಮುದುಕಿ, ನನ್ನ ಬಕೆಟ್ಟು ಎಲ್ಲಿ ಕಳ್ಳ ಎಂದು ಬಾಗಿಲಲ್ಲೇ ಕೇಳುತ್ತಿದ್ದರಂತೆ. ಇನ್ನೂ ಊಟ ನಡೀತಿದೆ ಎಂದು ಇವನು ಹೇಳುತ್ತಿದ್ದನಂತೆ. ಮೊದಲ ಎರಡು ವರ್ಷ ಲೆಕ್ಕವೇ ಉಲ್ಟಾ ಆಗಿತ್ತು; ವಿಷ ಕಡಿಮೆಯಾಗುವ ಬದಲು ಹಿನ್ನೀರಿನ ಕಡೆ ಹರಡಿತು. ಈ ದೇಶದ ಪೆಟ್ರೋಲಿನಲ್ಲಿ ಕಬ್ಬಿನ ಆಲ್ಕೋಹಾಲು ಬೆರೆತಿರುತ್ತದೆ. ಮಣ್ಣೊಳಗಿನ ಜೀವಗಳು ಮೊದಲು ಅದನ್ನೇ ಹುಡುಕಿ ಕುಡಿದವು. ಅದು ಮುಗಿಯುವ ತನಕ ಪೆಟ್ರೋಲಿನ ನಿಜವಾದ ವಿಷ ಬೆಂಜೀನನ್ನು ಮುಟ್ಟಲಿಲ್ಲ. ನಮ್ಮ ಊರಿನವರ ಹಾಗೇ, ಮೊದಲು ಗುಂಡು, ಆಮೇಲೆ ಊಟ ಎಂದು ಒಸ್ನಿ ನಗುತ್ತಿದ್ದ. ಗಾಳಿ ಮುಗಿದರೂ ಅವು ಸಾಯುವುದಿಲ್ಲ, ಮರಳಿಗೆ ಅಂಟಿದ ಕಬ್ಬಿಣವನ್ನೇ ಉಸಿರಾಡುತ್ತವೆ ಎಂದೂ ಹೇಳುತ್ತಿದ್ದ. ಆ ಕಬ್ಬಿಣವೇ ನೀರಿಗಿಳಿದು ಕೊನೆಗೆ ಅವನ ಪ್ಯಾಂಟಿನ ಮೊಣಕಾಲಿಗೆ ಹತ್ತುತ್ತಿತ್ತು. ಕೆಲವು ಮಧ್ಯಾಹ್ನ ಊಟದ ಮೇಲೆ ಅವನ ತೋಳಿಗೆ ತಲೆಕೊಟ್ಟು ಕಣ್ಣು ಮುಚ್ಚಿದರೆ ಎಲೀಡಳಿಗೆ ಆ ಕೆಳಗಿನ ಕತ್ತಲು ಕಾಣುತ್ತಿತ್ತು. ದಿನಕ್ಕೆ ಒಂದು ಗೇಣು ಕೂಡ ಸರಿಯದ ನೀರು, ಮರಳ ಕಾಳುಗಳ ಸಂದಿಯಲ್ಲಿ ಲಕ್ಷಾಂತರ ಬಾಯಿಗಳು, ಯಾರೂ ಹೇಳದೆ, ಯಾರೂ ನೋಡದೆ, ಗಡಿಬಿಡಿಯಿಲ್ಲದೆ ನಡೆದಿರುವ ಊಟ. ಈಗ ಒಸ್ನಿಯೂ ಅದೇ ದ್ವೀಪದ ಅದೇ ಮರಳಿನಲ್ಲಿದ್ದಾನೆ. ಈ ಯೋಚನೆ ಬಂದಾಗ ಎದೆ ನಡುಗಬೇಕಿತ್ತು. ಅವಳು ಇನ್ನೊಂದು ಕ್ಲಿಪ್ಪು ತೆಗೆದು ಪ್ಯಾಂಟಿನ ಸೊಂಟಕ್ಕೆ ಹಾಕಿದಳು.

ಹಿತ್ತಲ ಗೇಟು ಕಿರ್ರೆಂದಿತು. ಒಸ್ನಿಯ ಅಣ್ಣ ಅದೇಲ್ಸಿಯು. ಮೀನು ಹಿಡಿಯುವವನು, ಮಾತಿಗೆ ಬಡವ. ಕೈಯಲ್ಲಿ ಬಿಳಿಯ ಥರ್ಮೊಕೋಲ್ ಪೆಟ್ಟಿಗೆ. ಒಂದು ಮೂಲೆ ಒಡೆದು ಹಗ್ಗ ಕಟ್ಟಿತ್ತು. ಪೊಲೀಸರು ಶನಿವಾರವೇ ಕೊಟ್ಟರಂತೆ, ಲಾರಿ ಹೊಡೆದ ತಿರುವಿನಲ್ಲಿ ಬೈಕಿನಿಂದ ದೂರ ಹುಲ್ಲಿನಲ್ಲಿ ಬಿದ್ದಿತ್ತಂತೆ. ಮಣ್ಣು ಮುಗಿಯುವ ತನಕ ತರಲು ಮನಸ್ಸಾಗಲಿಲ್ಲವಂತೆ. ಇಷ್ಟನ್ನು ನೆಲಕ್ಕೆ ಹೇಳಿ, ಪೆಟ್ಟಿಗೆಯನ್ನು ಒಗೆಯುವ ಕಲ್ಲಿನ ಮೇಲಿಟ್ಟು, ತಂತಿಯ ಮೇಲಿನ ಪ್ಯಾಂಟು ನೋಡಿ ಬೇರೆ ಕಡೆ ತಿರುಗಿದ. ಎಲೀಡ ಹಗ್ಗ ಬಿಚ್ಚಿದಳು. ಒಳಗೆ ಪ್ಲಾಸ್ಟಿಕ್ ಚೀಲದಲ್ಲಿ ಫಾರಂ. ಒಸ್ನಿಯ ಸಹಿ, ಹತ್ತು ಗಂಟೆ ನಲವತ್ತು ನಿಮಿಷ. ಬೆರಳುದ್ದದ ಎರಡು ಗಾಜಿನ ಸೀಸೆಗಳು, ಒಂದೂ ಒಡೆದಿಲ್ಲ. ಪಕ್ಕದಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಒಂದು ತಾಯಿಞ್ಞ ಮೀನು, ಈ ಚಳಿಗಾಲದ್ದು, ಹೊಟ್ಟೆ ತುಂಬ ಮೊಟ್ಟೆ. ಮೇಲೆಲ್ಲ ಹೊಸ ಐಸು. ಮೀನು ನೋಡಿ ಅವಳಿಗೆ ಸಿಟ್ಟು ಬಂತು. ಸ್ಯಾಂಪಲ್ಲಿನ ಪೆಟ್ಟಿಗೆಯಲ್ಲಿ ತಿನ್ನುವ ಪದಾರ್ಥ ಇಡಬಾರದೆಂದು ಹೊಸ ಹುಡುಗರಿಗೆ ಪಾಠ ಹೇಳುತ್ತಿದ್ದವನೇ ಅವನು. ಮೂರು ದಿನದಲ್ಲಿ ಬಂದ ಮೊದಲ ಸಿಟ್ಟು, ಹಾಯೆನಿಸುವಷ್ಟು ಬಿಸಿಯಾಗಿತ್ತು.

ಐಸು ಯಾರು ಹಾಕಿದ್ದು ಎಂದು ಕೇಳಿದಳು.

"ನಾನೇ. ಮೀನು ಇತ್ತಲ್ಲ," ಎಂದ ಅದೇಲ್ಸಿಯು. "ದಿನಾ ಎರಡು ಸಲ ಹಾಕಿದೆ. ಅವನು ತಗೊಂಡ ಮೀನು, ಕೆಡಿಸಕ್ಕೆ ಮನಸ್ಸು ಬರ್ಲಿಲ್ಲ."

ಸೀಸೆಗಳು ಏನೆಂದು ಅವನಿಗೆ ಗೊತ್ತಿರಲಿಲ್ಲ. ಎಲೀಡ ಒಂದನ್ನು ತೆಗೆದು ತಲೆಕೆಳಗು ಮಾಡಿ ಬೆರಳಿನಿಂದ ತಟ್ಟಿದಳು. ಆಕಾಶಕ್ಕೆ ಹಿಡಿದು ನೋಡಿದಳು. ಏನೂ ಮೇಲೇಳಲಿಲ್ಲ. ಇನ್ನೊಂದು, ಅದರಲ್ಲೂ ಇಲ್ಲ. ಲಾರಿಗೆ ಬಡಿದು, ಗಾಳಿಯಲ್ಲಿ ಹಾರಿ, ಹುಲ್ಲಿನಲ್ಲಿ ಉರುಳಿದ ನೀರಿನಲ್ಲಿ ಸಾಸಿವೆಯಷ್ಟೂ ಗಾಳಿ ಇರಲಿಲ್ಲ.

ಶುಕ್ರವಾರ ತಂದ ಸೀಸೆಗಳಲ್ಲಿ ಇತ್ತು. ಪ್ರಯೋಗಾಲಯದ ಕಿಟಕಿಯ ಇತ್ತ ಎಲೀಡ, ಅತ್ತ ಒಸ್ನಿ. ಅವನು ತಂದು ಕೊಡುವವನು, ಅವಳು ನೋಡಿ ತೆಗೆದುಕೊಳ್ಳುವವಳು. ಬೇರೆ ಬಾವಿಗಳ ಸೀಸೆಗಳು ಸರಿಯಿದ್ದವು. ಡೋನ ಜುಲ್ಮಿರರ ಬಾವಿಯ ಸೀಸೆ ತಲೆಕೆಳಗು ಮಾಡಿದಾಗ ಒಂದು ಗುಳ್ಳೆ ನಿಧಾನವಾಗಿ ಎದ್ದು ಬುಡಕ್ಕೆ ಹೋಗಿ ಕೂತಿತು. ಜೋಡಿ ಸೀಸೆಯಲ್ಲೂ ಅದೇ. ಬೆಂಜೀನು ಹಾರುವ ಪದಾರ್ಥ. ಸೀಸೆಯಲ್ಲಿ ಗಾಳಿಯಿದ್ದರೆ ನೀರು ಬಿಟ್ಟು ಗಾಳಿಗೆ ಏರುತ್ತದೆ, ಯಂತ್ರ ನೀರನ್ನು ಚೊಕ್ಕ ಎಂದು ಹೇಳಿಬಿಡುತ್ತದೆ. ಬಟಾಣಿಗಿಂತ ಚಿಕ್ಕದಿದ್ದರೆ ನಡೆಯುತ್ತದೆ, ದೊಡ್ಡದಿದ್ದರೆ ಇಲ್ಲ. ಅದು ಬಟಾಣಿಯಷ್ಟೇ ಇತ್ತು. ನಡೆಯುತ್ತದೆ ಬಿಡು ಎಂದ ಒಸ್ನಿ. ಮೂರು ತಿಂಗಳಿಗೊಂದರಂತೆ ನಾಲ್ಕು ಸುತ್ತಿನ ಪರೀಕ್ಷೆ ಸತತವಾಗಿ ಚೊಕ್ಕ ಬರಬೇಕು; ಮೂರು ಬಂದಿತ್ತು, ಇದೊಂದು ಬಂದರೆ ಮುಗಿಯಿತು. ಅದಕ್ಕೇ ನಡೆಯುವುದಿಲ್ಲ, ಅವರು ಕುಡಿಯುವ ನೀರು ಎಂದಳು ಅವಳು. ಸೋಮವಾರ ಹೋಗಿ ಬೇರೆ ತರುತ್ತೇನೆ ಎಂದ. ಭಾನುವಾರಕ್ಕೆ ತಿಂಗಳು ಮುಗಿಯುತ್ತದೆ, ಸುತ್ತು ತಪ್ಪಿದರೆ ಮತ್ತೆ ಮೊದಲಿಂದ ಒಂದು ವರ್ಷ, ನಾಳೆಯೇ ಹೋಗಿ ಬಾ ಎಂದಳು. ಅಷ್ಟರಲ್ಲಿ ಹಿಂದೆ ಸಾಲಿನಲ್ಲಿದ್ದ ಇಬ್ಬರು ಹುಡುಗಿಯರು ನಕ್ಕರು, ಮನೆಯಲ್ಲೂ ಹೀಗೇನಾ ಎಂದು ಒಬ್ಬಳು ಕೇಳಿದಳು. ಒಸ್ನಿಯೂ ನಕ್ಕ, ಆದರೆ ಕುತ್ತಿಗೆ ಕೆಂಪಾಗಿತ್ತು. ಅವಳು ಅದನ್ನು ನೋಡಿದಳು. ನೋಡಿಯೇ ಫಾರಮ್ಮಿನಲ್ಲಿ 'ಗುಳ್ಳೆ ಇದೆ, ತಿರಸ್ಕರಿಸಿದೆ' ಎಂದು ಬರೆದು, ಸೀಸೆಗಳಿಗೆ ಕೆಂಪು ಚೀಟಿ ಅಂಟಿಸಿದಳು. ಬರೆಯುವಾಗ ಒಳಗೆ ಎಲ್ಲೋ ಒಂದು ಸಣ್ಣ ಖುಷಿ ಇತ್ತೇ? ಸರಿಯಾಗಿರುವುದರ ಖುಷಿ. ಮೂರು ದಿನದಿಂದ ಅವಳು ಆ ಒಂದು ಗಳಿಗೆಯನ್ನು ತಲೆಕೆಳಗು ಮಾಡಿ ತಟ್ಟಿ ತಟ್ಟಿ ನೋಡುತ್ತಿದ್ದಳು.

ಪೆಟ್ಟಿಗೆ ಎತ್ತಿಕೊಂಡು ಪ್ರಯೋಗಾಲಯಕ್ಕೆ ಹೋದಳು. ಮೀನನ್ನು ಅದೇಲ್ಸಿಯುವಿಗೆ ಕೊಟ್ಟಳು. ಅವನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದ. ಪ್ರೊಫೆಸರ್ ವಾಲ್ದೀರ್ ಮುಖಮಂಟಪದಲ್ಲಿ ಅವಳನ್ನು ಕಂಡು ಸಿಗರೇಟು ಬಿಸಾಡಿದರು. ಮನೆಗೆ ಹೋಗು ಎಂದರು, ಬೇರೆ ಯಾರಾದರೂ ಮಾಡುತ್ತಾರೆ, ಬೇಕಾದರೆ ಸುತ್ತು ಬಿಟ್ಟುಬಿಡೋಣ, ಒಂದು ವರ್ಷ ತಾನೇ. ಡೋನ ಜುಲ್ಮಿರರಿಗೆ ಎಪ್ಪತ್ತೊಂಬತ್ತು ವರ್ಷ ಎಂದಳು ಎಲೀಡ. ಅವರು ಅವಳ ಭುಜದ ಮೇಲೆ ಕೈಯಿಟ್ಟು, ಎಲ್ಲಿಡಬೇಕೆಂದು ತಿಳಿಯದೆ ಇಟ್ಟವರಂತೆ ತಕ್ಷಣ ತೆಗೆದರು. ಫಾರಮ್ಮಿನಲ್ಲಿ 'ಸಾಗಿಸಿದವರು' ಎಂಬ ಸಾಲು ಖಾಲಿಯಿತ್ತು. ಅದೇಲ್ಸಿಯುವಿನ ಹೆಸರು ಬರೆದಳು. 'ಐಸು ಇದೆಯೇ' ಎಂಬಲ್ಲಿ ಇದೆ ಎಂದು ಬರೆದಳು. 'ಸ್ವೀಕರಿಸಿದವರು' ಎಂಬಲ್ಲಿ ತನ್ನ ಹೆಸರು ಬರೆದು, ಒಸ್ನಿಯ ಸಹಿಯ ಬಾಲ ತನ್ನ ಸಾಲಿನ ತನಕ ಇಳಿದಿರುವುದನ್ನು ನೋಡಿ, ತನ್ನ ಅಕ್ಷರ ಅದಕ್ಕೆ ತಾಗದಂತೆ ಸ್ವಲ್ಪ ಪಕ್ಕಕ್ಕೆ ಸರಿದು ಸಹಿ ಮಾಡಿದಳು. ಆಮೇಲೆ ಫ್ರಿಜ್ಜಿನ ಕೆಳಗಿನ ತಟ್ಟೆಯಿಂದ ಕೆಂಪು ಚೀಟಿಯ ಸೀಸೆಗಳನ್ನೂ ತೆಗೆದಳು. ತಿರಸ್ಕರಿಸಿದ್ದನ್ನು ಯಂತ್ರಕ್ಕೆ ಹಾಕಬಾರದು. ಹಾಕಿದಳು, ಸಾಲಿನ ಕೊನೆಯಲ್ಲಿ.

ಯಂತ್ರ ಗುಂಯ್‌ಗುಡುತ್ತಿತ್ತು. ಪರದೆಯ ಮೇಲೆ ಒಂದು ಗೆರೆ ಎಡದಿಂದ ಬಲಕ್ಕೆ ಹೊರಡುತ್ತದೆ. ಬೆಂಜೀನಿದ್ದರೆ ಆರನೆಯ ನಿಮಿಷಕ್ಕೆ ಅಲ್ಲಿ ಗುಡ್ಡ ಏಳುತ್ತದೆ. ಅವಳು ಸ್ಟೂಲಿನ ಮೇಲೆ ಕೂತು, ಕೈಗಳನ್ನು ತೊಡೆಗಳ ಸಂದಿಯಲ್ಲಿಟ್ಟುಕೊಂಡು ಗೆರೆಯನ್ನೇ ನೋಡಿದಳು. ನೋಡುತ್ತ ನೋಡುತ್ತ ಗೆರೆ ಹಿನ್ನೀರಿನ ಅಂಚಾಯಿತು. ಬೆಳಗಿನ ಮಂಜಿನಲ್ಲಿ ಯಾರೋ ಮಂಡಿಯೂರಿ ಕೂತು ಸೀಸೆಯ ಒಳಗೋಡೆಗೆ ನೀರು ತಾಗಿಸಿ ತುಂಬುತ್ತಿದ್ದಾರೆ, ಹಾಲು ಕುಡಿಸುವ ಹಾಗೆ, ಸದ್ದಾಗದ ಹಾಗೆ. ನೀರು ಬಾಯಿಯ ಅಂಚನ್ನು ದಾಟಿ ಉಬ್ಬಿ ನಿಲ್ಲುತ್ತದೆ, ಚೆಲ್ಲುವುದಿಲ್ಲ. ಅವನು ಉಸಿರು ಹಿಡಿದು ಮುಚ್ಚಳ ಇಡುತ್ತಾನೆ, ತಲೆಕೆಳಗು ಮಾಡುತ್ತಾನೆ, ತಟ್ಟುತ್ತಾನೆ, ಅವಳ ಕಡೆ ತಿರುಗಿ ಈಗ ಸರಿಯಾ ಎನ್ನುತ್ತಾನೆ. ನಾಲ್ಕನೆಯ ನಿಮಿಷ. ಐದು. ಗುಡ್ಡ ಏಳಲಿ ಎಂದು ಯಾರೋ ಬೇಡಿಕೊಳ್ಳುತ್ತಿದ್ದರು. ಸಣ್ಣದಾದರೂ ಸಾಕು, ಏಳಲಿ. ಎದ್ದರೆ ಶುಕ್ರವಾರದ ಗುಳ್ಳೆ ನಿಜವಾಗಿಯೂ ವಿಷ ಬಚ್ಚಿಟ್ಟಿತ್ತು ಎಂದಾಗುತ್ತದೆ, ಕಳಿಸಿದ್ದು ಸರಿಯೆಂದಾಗುತ್ತದೆ, ಅವನು ಹೋದದ್ದಕ್ಕೆ ಕಾರಣವಿತ್ತೆಂದಾಗುತ್ತದೆ. ಬೇಡಿಕೊಳ್ಳುತ್ತಿದ್ದದ್ದು ತಾನೇ ಎಂದು ಎಲೀಡಳಿಗೆ ತಿಳಿದಾಗ ಗೆರೆ ಆರನ್ನು ಮುಟ್ಟಿತ್ತು. ಒಬ್ಬ ಮುದುಕಿಯ ಬಾವಿಯಲ್ಲಿ ವಿಷ ಇರಲಿ ಎಂದು ಅವಳು ದೇವರ ಮುಂದೆ ಕೂತವಳಂತೆ ಕೈ ಮಡಿಚಿ ಕೂತಿದ್ದಳು.

ಗೆರೆ ನೆಟ್ಟಗೆ ಹೋಯಿತು. ಎರಡನೆಯ ಸೀಸೆಯದೂ ನೆಟ್ಟಗೆ. ಮತ್ತೂ ಅರ್ಧ ಗಂಟೆ ಕೂತು ಕೆಂಪು ಚೀಟಿಯವನ್ನೂ ನೋಡಿದಳು. ನೋಡಬೇಕಾಗಿರಲಿಲ್ಲ. ಕದಿಯಲು ಏನೂ ಇಲ್ಲದ ಮನೆಯಲ್ಲಿ ಗುಳ್ಳೆ ಏನನ್ನು ಕದಿಯುತ್ತದೆ? ನೆಟ್ಟಗೆ, ನೆಟ್ಟಗೆ. ಶುಕ್ರವಾರವೇ ನೀರು ಚೊಕ್ಕವಾಗಿತ್ತು. ಬಹುಶಃ ಅದಕ್ಕೂ ಒಂದು ವರ್ಷ ಮುಂಚೆಯೇ. ಕೆಳಗಿನ ಬಾಯಿಗಳು ಊಟ ಮುಗಿಸಿ, ತಟ್ಟೆ ತೊಳೆದಿಟ್ಟು ಹೊರಟುಹೋಗಿದ್ದವು. ಮೇಲೆ ಇಬ್ಬರು ಮನುಷ್ಯರು ಕಿಟಕಿಯ ಈಚೆ ಆಚೆ ನಿಂತು ಬಟಾಣಿಯಷ್ಟು ಗಾಳಿಗೆ ಜಗಳವಾಡಿದ್ದರು.

ಶನಿವಾರ ಏಳನೆಯ ದಿನದ ಪೂಜೆ ಮುಗಿಯಿತು. ಚರ್ಚಿನ ಮೆಟ್ಟಿಲ ಮೇಲೆ ಜನ ಒಬ್ಬೊಬ್ಬರಾಗಿ ಅವಳ ಕೆನ್ನೆಗೆ ಕೆನ್ನೆ ತಾಗಿಸಿದರು. ಅವಳು ಮನೆಗೆ ಹೋಗಿ, ಕ್ಲಿಪ್ಪುಗಳನ್ನು ಅಡಿಗೆಮನೆಯ ಮೇಜಿನ ಮೇಲೆ ಸುರಿದು, ಬಕೆಟ್ಟು ತಿಕ್ಕಿ ತೊಳೆದಳು. ಬಾವಿ ಚೊಕ್ಕವಾಗಿದೆ ಎಂಬ ಪರಿಸರ ಇಲಾಖೆಯ ಪತ್ರ ಬರಲು ಇನ್ನೂ ತಿಂಗಳುಗಳು ಹಿಡಿಯುತ್ತವೆ. ಆದರೆ ಎರವಲು ತಂದದ್ದು ಇಲಾಖೆಯ ಕಾಗದದಲ್ಲಿ ಎಲ್ಲೂ ಇರಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತಳು. ಈ ಕಡೆ ಯಾರೂ ಎರವಲು ಪಾತ್ರೆಯನ್ನು ಖಾಲಿ ಹಿಂತಿರುಗಿಸುವುದಿಲ್ಲ. ಏನಿಲ್ಲದಿದ್ದರೂ ನಾಲ್ಕು ಬಾಳೆಹಣ್ಣೋ ಒಂದು ಸೇರು ಮರಗೆಣಸಿನ ಹಿಟ್ಟೋ ಇರಬೇಕು. ಮನೆಯಲ್ಲಿದ್ದದ್ದೆಲ್ಲ ಸಾವಿಗೆ ಬಂದವರು ತಂದ ರೊಟ್ಟಿ. ಅದನ್ನು ಹಾಕಲು ಕೈ ಬರಲಿಲ್ಲ. ಖಾಲಿ ಬಕೆಟ್ಟು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು. ಕಪ್ಪು ಬಟ್ಟೆಯ ಹೆಂಗಸಿನ ಕೈಯಲ್ಲಿ ಬಾವಿ ಬಕೆಟ್ಟು ಕಂಡು ಪಕ್ಕದವನೊಬ್ಬ, ಸಮುದ್ರ ಖಾಲಿ ಮಾಡಕ್ಕೆ ಹೊರಟ್ರಾ ಅಮ್ಮ ಎಂದು ತಮಾಷೆ ಮಾಡಿ, ಅವಳ ಮುಖ ನೋಡಿ ಬಾಯಿ ಮುಚ್ಚಿದ. ತಿರುವು ಬಂತು. ಹುಲ್ಲು ಎದ್ದು ನಿಂತಿತ್ತು. ಎಲ್ಲಿ ಒತ್ತಿತ್ತು, ಎಲ್ಲಿ ಮುರಿದಿತ್ತು ಎಂದು ಗುರುತಿಸಲು ಆಗಲಿಲ್ಲ. ಬಸ್ಸು ಗೇರು ಬದಲಿಸಿ ಮುಂದೆ ಹೋಯಿತು.

ಡೋನ ಜುಲ್ಮಿರ ಮಂಡಿನೋವಿನಿಂದ ಪೂಜೆಗೆ ಬಂದಿರಲಿಲ್ಲ. ಜಗಲಿಯಲ್ಲಿ ದಿಂಬಿನ ಮುಂದೆ ಕೂತಿದ್ದರು, ಆದರೆ ಕಡ್ಡಿಗಳು ಸುಮ್ಮನಿದ್ದವು. ಬಕೆಟ್ಟನ್ನು ನೋಡಿದರು. ಕೈ ಚಾಚಲಿಲ್ಲ.

"ಅವನೇ ತರ್ತೀನಿ ಅಂದಿದ್ದ," ಎಂದರು.

ಎಲೀಡ ಬಕೆಟ್ಟನ್ನು ಮೆಟ್ಟಿಲ ಮೇಲಿಟ್ಟು ನಿಂತೇ ಹೇಳಿದಳು. ನೀರು ಚೊಕ್ಕವಾಗಿದೆ. ಶುಕ್ರವಾರ ತಂದದ್ದೂ ಚೊಕ್ಕವಾಗಿಯೇ ಇತ್ತು. ಒಂದು ಗುಳ್ಳೆಗೋಸ್ಕರ ತಾನೇ ಅವನನ್ನು ವಾಪಸು ಕಳಿಸಿದ್ದು. ಸೋಮವಾರ ಹೋಗ್ತೀನಿ ಅಂದ, ತಾನೇ ಶನಿವಾರ ಹೋಗು ಅಂದದ್ದು. ಯಂತ್ರದ ಮುಂದೆ ಕೂತು ತಾನು ಏನು ಬೇಡಿಕೊಂಡೆ ಎಂಬುದನ್ನೂ ಹೇಳಿದಳು. ಹೇಳುವಾಗ ಧ್ವನಿ ಫಾರಂ ಓದಿದಂತಿತ್ತು. ಬೈಯಲಿ ಎಂದು ಕಾದಳು.

ಮುದುಕಿ ದಿಂಬಿನ ಮೇಲಿನ ಗುಂಡುಸೂಜಿಗಳನ್ನು ಒಂದೊಂದಾಗಿ ಒತ್ತಿದರು.

"ಅವನು ಹನ್ನೊಂದಕ್ಕೆ ಮುಂಚೆ ಹೊರಟಿದ್ದ," ಎಂದರು. "ಬೈಕು ಸ್ಟಾರ್ಟ್ ಮಾಡಿದ್ದ. ನಾನೇ ನಿಲ್ಲಿಸಿದೆ. ದಡದಲ್ಲಿ ಬಲೆ ಎಳೀತಿದಾರೆ, ಹೋಗಿ ಹಗ್ಗಕ್ಕೆ ಕೈ ಹಾಕು, ಒಂದು ಮೀನು ನಿನ್ನ ಪಾಲಿಗೆ ಬರುತ್ತೆ, ಹೆಂಡತಿಗೆ ತಗೊಂಡು ಹೋಗು ಅಂದೆ. ಅವಳು ಕೋಪದಲ್ಲಿದಾಳೆ ಅಂತ ಹೇಳ್ತಿದ್ದ. ಮೀನು ಕಂಡ್ರೆ ಕರಗ್ತಾಳೆ ಅಂದೆ ನಾನು." ಒಂದು ಸೂಜಿ ತೆಗೆದು ಮತ್ತೆ ಅದೇ ತೂತಿಗೆ ಚುಚ್ಚಿದರು. "ಅರ್ಧ ಗಂಟೆ. ಆ ಅರ್ಧ ಗಂಟೆ ಮುಂಚೆ ಹೊರಟಿದ್ರೆ ಆ ಲಾರಿ ಇನ್ನೂ ಎಲ್ಲೋ ದೂರ ಇರ್ತಿತ್ತು. ವಾರದಿಂದ ಇದನ್ನ ಯಾರಿಗೆ ಹೇಳಲಿ ಅಂತ ಕೂತಿದೀನಿ ಮಗಳೇ."

ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಒಂದೊಂದು ಮೀನು. ಒಸ್ನಿ ಚಪ್ಪಲಿ ಬಿಟ್ಟು, ಪ್ಯಾಂಟು ಮಡಿಚಿ, ಊರಿನವರ ಸಾಲಿನಲ್ಲಿ ನಿಂತು ಹಿಂದಕ್ಕೆ ಹೆಜ್ಜೆಯಿಡುತ್ತ ಹಗ್ಗ ಎಳೆಯುವುದು ಎಲೀಡಳಿಗೆ ಕಂಡಿತು. ನೀರಿನಿಂದ ಬೆಳ್ಳಿಯಂಥದೇನೋ ಏಳುತ್ತಿತ್ತು. ಅವನು ನಗುತ್ತಿದ್ದ. ಆ ಮೀನಿಗಾಗಿ ಅವನು ತಡಮಾಡಿದ. ಆ ಮೀನಿಗೆಂದು ಅದೇಲ್ಸಿಯು ಐಸು ಹಾಕಿದ. ಆ ಐಸಿನಲ್ಲಿ ಸೀಸೆಗಳು ತಣ್ಣಗೆ ಉಳಿದವು. ಇದರಲ್ಲಿ ಯಾವ ಗಂಟು ಬಿಚ್ಚಿದರೆ ಅವನು ಬದುಕುತ್ತಾನೆಂದು ಅವಳಿಗೆ ತಿಳಿಯಲಿಲ್ಲ. ಮುದುಕಿಯ ಮೇಲೆ ಸಿಟ್ಟು ಬರುತ್ತದೇನೋ ಎಂದು ನೋಡಿಕೊಂಡಳು. ಬರಲಿಲ್ಲ. ಅಳುವೂ ಬರಲಿಲ್ಲ. ಕೈಗಳಿಗೆ ಏನಾದರೂ ಕೆಲಸ ಬೇಕೆನ್ನಿಸಿತು.

ಬಕೆಟ್ಟು ಎತ್ತಿಕೊಂಡು ಬಾವಿಗೆ ಹೋದಳು. ಮುಚ್ಚಿದ ಹಲಗೆ ಸರಿಸಿದಳು. ಒಳಗೋಡೆಯ ಕಲ್ಲಿಗೆಲ್ಲ ತುಕ್ಕಿನ ಬಣ್ಣ, ಆ ಪ್ಯಾಂಟಿನ ಬಣ್ಣ. ಕೆಳಗೆ ನೀರಿನಲ್ಲಿ ಒಂದು ತುಂಡು ಆಕಾಶ, ಅದರಲ್ಲಿ ಅವಳ ತಲೆ. ನಾನೂ ಬಂದೆ ಎಂದು ಡೋನ ಜುಲ್ಮಿರ ಕೋಲೂರಿಕೊಂಡು ಹಿಂದೆ ಬಂದರು, ಸೆರಗಿನಂತೆ ಹೊದ್ದ ಶಾಲಿನೊಳಗಿಂದ ಹೊಸ ಹಗ್ಗ ತೆಗೆದು ಕೊಟ್ಟರು. ಎಂಟು ವರ್ಷದ ಹಿಂದೆಯೇ ಕೊಂಡು ಇಟ್ಟಿದ್ದರಂತೆ. ಎಲೀಡ ಗಂಟು ಹಾಕಿ ಇಳಿಸಿದಳು. ಬಕೆಟ್ಟು ನೀರು ಮುಟ್ಟಿ, ಮಗ್ಗುಲಾಗಿ, ಗುಳುಗುಳು ಎಂದು ಕುಡಿದು ಭಾರವಾಯಿತು. ಒಂದು ಕೈಯ ಹಿಂದೆ ಒಂದು ಕೈಯಿಟ್ಟು, ಹಿಂದಕ್ಕೆ ಹೆಜ್ಜೆಯಿಡುತ್ತ ಎಳೆದಳು. ತಂದು ಕಟ್ಟೆಯ ಮೇಲಿಟ್ಟಳು. ಅಂಚಿನ ತನಕ ತುಂಬಿತ್ತು. ಒಳಗಿನಿಂದ ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಎದ್ದು ಬಂದು ಒಡೆಯುತ್ತಿದ್ದವು. ಕೊನೆಯದೂ ಒಡೆಯುವ ತನಕ ಇಬ್ಬರೂ ನೋಡಿದರು.

"ತಗೊಳ್ಳಿ," ಎಂದಳು ಎಲೀಡ. "ಒಸ್ನಿ ಎರವಲು ತಂದಿದ್ದು."

ಡೋನ ಜುಲ್ಮಿರ ಬಗ್ಗಿ ನೀರು ಮೂಸಿದರು. ಆಮೇಲೆ ಬಕೆಟ್ಟಿನ ಹಿಡಿಕೆಗೆ ಕಚ್ಚಿಕೊಂಡೇ ಉಳಿದಿದ್ದ ಒಂದು ಬಟ್ಟೆ ಕ್ಲಿಪ್ಪನ್ನು ಬೆರಳಿನಿಂದ ಬಿಡಿಸಿ, ಶಾಲಿನ ಅಂಚಿನಲ್ಲಿ ಒರೆಸಿ, ಅವಳ ಅಂಗೈಯಲ್ಲಿಟ್ಟರು.

"ಇದು ನಂದಲ್ಲ," ಎಂದರು. "ಬಾ, ಕಾಫಿಗೆ ಇಡ್ತೀನಿ."